ಪಳಗಿದ ಎತ್ತಿನ ಪಕ್ಕದಲ್ಲಿ

ಮಂಡ್ಯದ ಈ ಹೆಣ್ಣುಮಕ್ಕಳ ಶಾಲೆಗೆ ಬಂದ ಮೊದಲ ದಿನವೇ ಹೆಡ್ಮೇಷ್ಟ್ರು ನನ್ನ ತರಗತಿಯನ್ನು ಬೆರಳಿನಿಂದ ಎರಡು ಮಾಡಿ ತೋರಿಸಿದರು. ಮುಂದಿನ ಸಾಲು ಓದುವವರದು, ಹಿಂದಿನದು ನೀರು ತರುವವರದು. ಹಿಂದೆ ಕೂತವರೆಲ್ಲ ರೈತರ ಮಕ್ಕಳು. ಅವರಿಗಾಗಿ ಗಂಟಲು ಹರಿದುಕೊಳ್ಳಬೇಡಿ ಎಂದರು. ನನ್ನ ಮೈಯೆಲ್ಲ ಉರಿಯಿತು.

ಧಾರವಾಡದ ಗೆಳತಿಯರೇ, ಇಲ್ಲಿ ಬಾಡಿಗೆ ಮನೆ ಕೇಳಿದರೆ ಗಂಡ ಎಲ್ಲಿ ಅನ್ನುತ್ತಾರೆ. ತೀರಿಕೊಂಡರು ಅಂದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಕೊನೆಗೆ ಊರಂಚಿನ ಗುತ್ತಲು ಬಡಾವಣೆಯ ಒಬ್ಬ ಮುದುಕಿ ಹಿತ್ತಿಲ ಕೋಣೆ ಕೊಟ್ಟಳು. ನಮ್ಮ ಜೋಳದ ರೊಟ್ಟಿ ಇಲ್ಲಿಲ್ಲ, ರಾಗಿಮುದ್ದೆ. ಅದನ್ನು ಸಾರಿನಲ್ಲಿ ಅದ್ದಿ ನುಂಗಬೇಕು. ನಾನು ಅಗಿಯುವುದನ್ನು ನೋಡಿ ಮುದುಕಿ, "ನುಂಗವ್ವ, ಅದೇನ್ ಬೇವಿನ ಕಡ್ಡಿಯಾ?" ಅಂದಳು. ಬಿಕ್ಕಳಿಸುತ್ತ ಬಿಕ್ಕಳಿಸುತ್ತ ನುಂಗಲು ಕಲಿತೆ. ನನ್ನ ಗಂಟಲು ಕಲಿಯುವುದಾದರೆ ಮಕ್ಕಳ ತಲೆ ಕಲಿಯದೇ?

ಪಕ್ಕದ ಮನೆಯ ಕೆಂಪಿ ಹಿಂದಿನ ಸಾಲಿನವಳು. ನಾನು ಹತ್ತಿರ ಹೋಗುವ ಮೊದಲೇ ಸ್ಲೇಟಿನ ಮೇಲಿನ ತಪ್ಪು ಲೆಕ್ಕವನ್ನು ಉಗುಳು ಹಚ್ಚಿ ಒರೆಸಿಬಿಡುತ್ತಿದ್ದಳು. ಅವಳನ್ನು ಶಾಲೆ ಬಿಡಿಸುತ್ತೇನೆಂದು ಅಪ್ಪ ಕಾಳೇಗೌಡ ಹೇಳಿದಾಗ ಅವನ ಕೈಯಲ್ಲಿ ನೊಗವಿತ್ತು. ಹೊಸ ಹೋರಿಯನ್ನು ಪಳಗಿದ ಎತ್ತಿನ ಜೊತೆ ಕಟ್ಟುತ್ತಿದ್ದ. ಹೋರಿ ದಿನವೂ ಮಲಗಿಬಿಡುತ್ತಿತ್ತು, ಅವನು ದಿನವೂ ಎಬ್ಬಿಸುತ್ತಿದ್ದ. ಇದನ್ನೇಕೆ ಮಾರಲಿಲ್ಲ ಎಂದೆ.

"ಜತೇಲಿ ಕಟ್ಟುದ್ರೆ ಕಲೀತದೆ ಕಣಮ್ಮ."

"ಹೋರಿ ಮ್ಯಾಲಿರೂ ಸೈರಣಿ ಮಗಳ ಮ್ಯಾಲ ಯಾಕಿಲ್ರೀ?"

ಅವನು ಬಾಗಿ ಹೋರಿಯನ್ನು ಮತ್ತೆ ಎಬ್ಬಿಸಿದ. ಮಗಳನ್ನು ಶಾಲೆ ಬಿಡಿಸಲಿಲ್ಲ.

ಮರುದಿನವೇ ಸಾಲು ಮುರಿದೆ. ಮುಂದಿನವಳೊಬ್ಬಳ ಪಕ್ಕ ಹಿಂದಿನವಳೊಬ್ಬಳು. ಕೆಂಪಿ ಕೂತದ್ದು ಪುರೋಹಿತರ ಮಗಳ ಪಕ್ಕ. ತಪ್ಪನ್ನು ಒರೆಸಕೂಡದು, ಅದರ ಕೆಳಗೇ ಮತ್ತೆ ಮಾಡಬೇಕು ಎಂದೆ. ಮಡಿ ಕೆಟ್ಟಿತೆಂದು ಪುರೋಹಿತರು ಬಂದು ಕೂಗಾಡಿದರು. ನಾನೂ ಕೂಗಾಡಿದೆ. ಹೆಡ್ಮೇಷ್ಟ್ರೊಂದಿಗೆ ಜಗಳವಾಡಿ ಕೆಂಪಿಯನ್ನು ಪರೀಕ್ಷೆಗೆ ಕೂರಿಸಿದೆ.

ಅವಳು ಫೇಲಾದಳು. ಲೆಕ್ಕವೊಂದರಲ್ಲೇ.

"ಹಣೆಬರಹ ಅಳಿಸೋಕೆ ಅದೇನು ಸ್ಲೇಟೇನಮ್ಮ?" ಎಂದು ಹೆಡ್ಮೇಷ್ಟ್ರು ಎಲ್ಲರೆದುರು ನಕ್ಕು, ಸಾಲುಗಳನ್ನು ಮೊದಲಿನಂತೆ ಮಾಡಿಸಿದರು. ಇಂಥ ಊರು ಹಾಳಾಗಿ ಹೋಗಲಿ ಅನ್ನಿಸಿತು. ವಾಪಸು ಬಾ ಎಂದು ಅವ್ವ ಎಂದಿನಿಂದಲೋ ಕರೆಯುತ್ತಿದ್ದಳು. ಬರುತ್ತೇನೆಂದು ತಿಳಿಸಿ ಟ್ರಂಕು ಕಟ್ಟಿದೆ.

ಸ್ಟೇಷನ್ನಿಗೆ ಕಾಳೇಗೌಡ ಮಗಳೊಂದಿಗೆ ಓಡಿಬಂದ.

"ಓದ ವರ್ಸ ಇವಳ್ಗೆ ಒಂದ್ ಲೆಕ್ಕಾನೂ ಬತ್ತಿರ್ನಿಲ್ಲ ಅಮ್ಮಾವ್ರೇ. ಈಗ ಅರ್ಧಕ್ಕರ್ಧ ಬತ್ತವೆ. ಪರೀಕ್ಸೆಗೆ ಇನ್ನೊಂದ್ ಸಲ ಕುಂತ್ಕತಾಳೆ. ನೀವ್ ಓಗ್ಬುಟ್ರೆ ಇವಳ್ ಜತೆಗೆ ಯಾರ್ನ ಕಟ್ಲಿ?"

ನನಗೆ ಅವನ ಮೇಲೂ ಕೋಪ ಬಂತು. ಈ ಮಾತನ್ನು ಹೆಡ್ಮೇಷ್ಟ್ರ ಮುಂದೆ ಯಾಕೆ ಆಡಲಿಲ್ಲ ಎಂದು ರೇಗಿದೆ. ನಾಳೆಯೇ ಬಂದು ಆಡುತ್ತೇನೆಂದು ಟ್ರಂಕನ್ನು ತಲೆಯ ಮೇಲಿಟ್ಟುಕೊಂಡ. ರೈಲು ಬಂದು ಹೋಯಿತು.

ಅವ್ವ ಅಲ್ಲಿ ಧಾರವಾಡದ ಸ್ಟೇಷನ್ನಿನಲ್ಲಿ ಕಾದು ಕಾದು ಒಬ್ಬಳೇ ಮನೆಗೆ ಹೋಗಿರಬೇಕು. ಕೆಂಪಿ ಈಗ ದಿನಾ ಸಂಜೆ ಸ್ಲೇಟು ಹಿಡಿದು ನನ್ನ ಕೋಣೆಗೆ ಬರುತ್ತಾಳೆ. ಅವಳು ಹೋದ ಮೇಲೆ ಊಟಕ್ಕೆ ಕೂರುತ್ತೇನೆ. ಅವ್ವ ನೆನಪಾದ ದಿನ, ಅಷ್ಟು ಕಷ್ಟಪಟ್ಟು ಕಲಿತ ಮುದ್ದೆಯೂ ಗಂಟಲಲ್ಲಿ ಇಳಿಯುವುದಿಲ್ಲ.