ಮೊದಲು ಉತ್ತರ, ಆಮೇಲೆ ಪ್ರಶ್ನೆ

ಅಕ್ಕನ ಎಡಗೈಯಲ್ಲಿ ಮಾತ್ರ ಬಳೆಗಳಿದ್ದವು, ಹಸಿರು ಗಾಜಿನವು, ಕೈ ತುಂಬ. ಬಲಗೈ ಬೋಳು. ಮೌಸ್ ಹಿಡಿದಾಗ ಬಳೆ ಮೇಜಿಗೆ ಬಡಿದು ಕಿರಿಕಿರಿ ಎಂದು ತೆಗೆದಿಟ್ಟಿದ್ದರು. ದಿಕ್ಕು ಹೇಳಬೇಕಾದಾಗ ಕುರ್ಚಿಯಿಂದೆದ್ದು, ಮುಂಬಯಿ ಪಕ್ಕದ ಠಾಣೆ ಊರಿನಲ್ಲಿದ್ದ ನಮ್ಮ ಆಫೀಸಿನ ದೊಡ್ಡ ಕಿಟಕಿಗೆ, ಅಂದರೆ ಪೂರ್ವಕ್ಕೆ ಮುಖ ಮಾಡಿ, ಎರಡೂ ಕೈ ಚಾಚಿ ನಿಲ್ಲುತ್ತಿದ್ದರು. ಬಳೆಯ ಕೈ ಉತ್ತರ, ಬೋಳು ಕೈ ದಕ್ಷಿಣ. ಆ ಭರದಲ್ಲಿ ಪಕ್ಕದವರ ಚಹಾ ಎಷ್ಟು ಸಲ ಉರುಳಿತೋ, ಕೇಳಬೇಡಿ.

ಉಡುಪಿ ಕಡೆಯವರು. ಆ ಪುಟ್ಟ ವಾಸ್ತುಶಿಲ್ಪ ಕಚೇರಿಯ ಒಡತಿ, ನನಗೆ ಕೆಲಸ ಕಲಿಸಿದವರು. ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದೆವು. ಮರಾಠಿ ಹುಡುಗರಂತೂ ಅದು ಅವರ ಹೆಸರೆಂದೇ ತಿಳಿದು ‘ಅಕ್ಕಾ ಮ್ಯಾಡಮ್’ ಅನ್ನುತ್ತಿದ್ದರು.

ಕಂಪ್ಯೂಟರಿನಲ್ಲಿ ಹೊಸ ಕಟ್ಟಡದ ಮಾದರಿ ತೆರೆದ ಕೂಡಲೇ ಗೋಡೆ ಎಳೆಯಲು ಅಕ್ಕ ಬಿಡುತ್ತಿರಲಿಲ್ಲ. “ಮೊದಲು ಉತ್ತರ ಹಾಕು, ಪ್ರಶ್ನೆ ಎಲ್ಲ ಆಮೇಲೆ” ಎನ್ನುವರು. ನಾನು ಡೊಂಬಿವಲಿಯಲ್ಲಿ ಹುಟ್ಟಿ ಮನೆಯ ಕನ್ನಡಕ್ಕೆ ಮರಾಠಿಯಲ್ಲಿ ಮಾರುತ್ತರ ಕೊಟ್ಟು ಬೆಳೆದವಳು. ಮೊದಲ ದಿನ ಪೆದ್ದುಪೆದ್ದಾಗಿ, “ಯಾವ ಪ್ರಶ್ನೆಗೆ ಅಕ್ಕಾ?” ಎಂದು ಕೇಳಿದ್ದೆ. ಆ ಮಾತು ಹೇಳಿಕೊಂಡು ವಾರವಿಡೀ ನಕ್ಕರು.

ಆಮೇಲೆ ತಾಳ್ಮೆಯಿಂದ ಕಲಿಸಿದರು. ಕಟ್ಟಡವನ್ನು ಪರದೆಯ ಮೇಲೆ ನೆಟ್ಟಗೆ ಕೂರಿಸಿ ಗೆರೆ ಎಳೆಯುವುದು ನಮ್ಮ ಅನುಕೂಲಕ್ಕೆ. ನಿಜವಾದ ಉತ್ತರ ಯಾವ ಕಡೆಗೆ, ಎಷ್ಟು ಓರೆಯಾಗಿದೆ ಎಂಬುದನ್ನು ಸಾಫ್ಟ್‌ವೇರಿಗೆ ಬೇರೆಯಾಗಿಯೇ ತಿಳಿಸಬೇಕು. ತಿಳಿಸದಿದ್ದರೆ ಅದು ಪರದೆಯ ಮೇಲ್ತುದಿಯೇ ಉತ್ತರ ಎಂದು ನಂಬಿ, ಬೀಳಬಾರದ ಕಡೆ ಚಂದದ ಬಿಸಿಲು ಬೀಳಿಸಿ ತೋರಿಸುತ್ತದೆ. “ಕಂಪ್ಯೂಟರ್ ಭಾರೀ ವಿಧೇಯ ಮಾರಾಯ್ತಿ. ನೀನು ಸುಳ್ಳು ಹೇಳಿದ್ರೆ ಅದೂ ಅದನ್ನೇ ಹೇಳ್ತದೆ” ಎನ್ನುತ್ತಿದ್ದರು.

ಒಂದು ಚಳಿಗಾಲ ಶಾವಿಗೆ ಕಾಕು ಬಂದರು; ಕಾಕು ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ. ವಿಜಯಪುರದವರು. ಕಟ್ಟಡ ಕೂಲಿಗೆಂದು ಬಂದು, ಈಗ ಬದಲಾಪುರದಲ್ಲಿ ತಮ್ಮೂರ ಹೆಂಗಸರನ್ನು ಕಟ್ಟಿಕೊಂಡು ಶಾವಿಗೆ, ಹಪ್ಪಳ ಮಾಡಿ ಮಾರುತ್ತಿದ್ದರು. ಶಾವಿಗೆ ಒಣಹಾಕುತ್ತಿದ್ದ ಮಾಳಿಗೆಗೆ ಬಾಡಿಗೆ ಮನೆಯ ಮಾಲೀಕ ಬೀಗ ಹಾಕಿದ್ದರಿಂದ ಎಲ್ಲರೂ ಸೇರಿ ತುಂಡು ಜಾಗ ಕೊಂಡಿದ್ದರು.

“ಅಕ್ಕಾರ, ಕಟ್ಟಡ ಚಂದ ಇರಲಿ ಬಿಡಲಿ, ಮಾಳಿಗಿ ಮ್ಯಾಲ ಸಂಜೀತನಕ ಬಿಸಲ ಬೀಳಬೇಕ್ರಿ. ಇಲ್ಲಂದ್ರ ಶಾವಿಗಿಗೆ ಬೂಸರ ಹಿಡೀತೈತಿ. ನಮ್ಮ ಹೆಣ್ಮಕ್ಕಳ ಹೊಟ್ಟಿ ಮ್ಯಾಲ ಹೊಡದಂಗ ನೋಡ್ರಿ.”

ಮಾದರಿ ಮಾಡಿದವಳು ನಾನು. ಸೂರ್ಯನನ್ನು ಡಿಸೆಂಬರಿಗೆ ಹೊಂದಿಸಿ ಓಡಿಸಿದೆ. ಸಂಜೆಯವರೆಗೆ ಮಾಳಿಗೆ ಝಗಝಗ. ಕಾಕು ಪರದೆಗೇ ಕೈಮುಗಿದರು. ಮುಂದಿನ ವಾರ ಪಾಯ ತೋಡಲು ಮುಹೂರ್ತವೂ ನಿಗದಿಯಾಗಿತ್ತು. ಅವರು ಹೋದಮೇಲೆ ಅಕ್ಕ ಕೇಳಿದರು:

“ಉತ್ತರ ಎಲ್ಲಿಂದ ತಂದೆ?”

“ಜಾಗ ಬದಲಾಪುರ್ ವೆಸ್ಟ್ ಅಲ್ವಾ ಅಕ್ಕಾ? ಅಂದ್ರೆ ಸ್ಟೇಷನ್ ಪೂರ್ವಕ್ಕೆ. ಆ ಲೆಕ್ಕದಲ್ಲಿ ಹಾಕ್ದೆ.”

ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ರೈಲ್ವೆಯವರ ವೆಸ್ಟು ಸೂರ್ಯನಿಗೆ ಗೊತ್ತುಂಟಾ? ಅವ ಎಂತ, ಪಾಸ್ ಮಾಡಿಸಿ ಲೋಕಲ್‌ನಲ್ಲಿ ಬರುದಾ?”

ನಮ್ಮ ಕಡೆಯವರಿಗೆ ಈಸ್ಟ್, ವೆಸ್ಟ್ ಅಂದರೆ ಹಳಿಯ ಆಚೆ, ಈಚೆ. ಹಳಿ ಹೇಗೆ ಓರೆಯಾಗಿ ಓಡಿದರೂ ನಾವು ತಲೆ ಕೆಡಿಸಿಕೊಂಡವರಲ್ಲ. ಮರುದಿನ ಬೆಳಿಗ್ಗೆಯೇ ಅಕ್ಕ ನನ್ನನ್ನು ಕರೆದುಕೊಂಡು ಬದಲಾಪುರದ ರೈಲು ಹತ್ತಿದರು. ಜಾಗದ ಪಕ್ಕದಲ್ಲಿ ಕಬ್ಬಿಣದ ಸರಳುಗಳ ರಾಶಿ ಬಿದ್ದಿತ್ತು, ಫೋನಿನ ದಿಕ್ಸೂಚಿ ಹುಚ್ಚು ಹಿಡಿದಂತೆ ತಿರುಗುತ್ತಿತ್ತು. ಅಕ್ಕ ಒಂದು ಕೋಲು ನೆಟ್ಟು ಕಾದರು. ನಡುಮಧ್ಯಾಹ್ನ ನೆರಳು ತೀರ ಗಿಡ್ಡವಾದಾಗ ಅದರ ಮೇಲೆ ಸುಣ್ಣದ ಗೆರೆ ಎಳೆದು, “ಇದು ಉತ್ತರ” ಎಂದರು. ಸ್ಟೇಷನ್ ಇದ್ದದ್ದು ಈಶಾನ್ಯಕ್ಕೆ. ಮಾದರಿಯಲ್ಲಿ ನಾನು ಪಶ್ಚಿಮಕ್ಕೆ ಇಟ್ಟಿದ್ದ ಪಕ್ಕದ ಎತ್ತರದ ಕಟ್ಟಡ ಇದ್ದದ್ದು ನೈಋತ್ಯಕ್ಕೆ, ಡಿಸೆಂಬರಿನ ಸೂರ್ಯ ಇಳಿಯುವ ಕಡೆಗೇ.

ಕಾಕು ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದರು. ನಾವು ತಿನ್ನುತ್ತ ಕೂತಿರುವಾಗಲೇ ಆ ಕಟ್ಟಡದ ನೆರಳು ಮೆಲ್ಲಗೆ ಬಂದು ತಟ್ಟೆಯ ಮೇಲೆ ಬಿತ್ತು. ನಾನು ಮಾಳಿಗೆಯಲ್ಲಿ ಶಾವಿಗೆ ಒಣಹಾಕುವ ಬಯಲು ಇಟ್ಟದ್ದು ಸರಿಯಾಗಿ ಅಲ್ಲಿಯೇ. ಕಾಕು ಜಾಗ ನೋಡಲು ಬಂದಿದ್ದೆಲ್ಲ ಬೆಳಗಿನ ಹೊತ್ತು, ಹಾಗಾಗಿ ಈ ನೆರಳನ್ನು ಅವರೂ ಕಂಡಿರಲಿಲ್ಲ.

“ಮುಳುಗಿತ್ರೀ ನಮ್ಮ ದಂಧೆ” ಎಂದು ಅವರು ತಲೆ ಮೇಲೆ ಕೈಹೊತ್ತರು.

“ಮುಳುಗುದೆಂತ? ಕಟ್ಟಡ ಇನ್ನೂ ಕಂಪ್ಯೂಟರ್ ಒಳಗೇ ಉಂಟಲ್ಲ. ಅಲ್ಲಿ ಎಷ್ಟು ತಿರುಗಿಸಿದ್ರೂ ಇಟ್ಟಿಗೆ ಒಡೆಯುದಿಲ್ಲ” ಎಂದು ಅಕ್ಕ ಇನ್ನೊಂದು ರೊಟ್ಟಿ ಮುರಿದರು. ನನ್ನ ಕಡೆ ತಿರುಗಿ ಒಂದು ಬೈಗುಳವನ್ನೂ ಆಡಲಿಲ್ಲ. ಆ ಹೊತ್ತಿಗೆ ಅವರ ಮೇಲೆ ನನಗೆ ಎಷ್ಟು ಪ್ರೀತಿ ಉಕ್ಕಿತೆಂದರೆ ಅಳುವೇ ಬಂತು. ಚಟ್ನಿ ಖಾರ ಎಂದು ಸುಳ್ಳು ಹೇಳಿದೆ.

ಉತ್ತರ ಸರಿಪಡಿಸಿ ಮಾದರಿ ಮತ್ತೆ ಮಾಡಿದೆ. ಮೆಟ್ಟಿಲು, ನೀರಿನ ಟ್ಯಾಂಕು ಎತ್ತರದ ಕಟ್ಟಡದ ಕಡೆಗೆ ಹೋದವು, ಬಯಲು ಸ್ಟೇಷನ್ ಕಡೆಗೆ ಬಂತು. ಪಾಯ ಹೇಳಿದ ಮುಹೂರ್ತಕ್ಕೇ ಬಿತ್ತು.

ಮುಂದಿನ ಡಿಸೆಂಬರಿನಲ್ಲಿ ಕಾಕು ಫೋನ್ ಮಾಡಿದರು. ಅಕ್ಕ ಸ್ಪೀಕರ್ ಹಾಕಿದರು. “ಏನ್ ಅಕ್ಕಾರ, ಹಿಂಗ ಮಾಡೀರಿ? ನಾಕ ಗಂಟೆ ಆದ್ರೂ ಬಿಸಲ ಸರಿವಲ್ದು! ಶಾವಿಗಿ ಜೋಡಿ ನಾವೂ ಒಣಗಾಕತ್ತೀವಿ. ಕುಂದ್ರಾಕ ಒಂದ ಚೂರು ನೆರಳ ಬ್ಯಾಡೇನ್ರಿ?”

“ಕೇಳಿದ್ರಾ? ಬೈದ್ರು!” ಎಂದು ಅಕ್ಕ ಆಫೀಸಿಗೆಲ್ಲ ಸಮೋಸ ತರಿಸಿದರು.

ಹೆಂಗಸರು ಕೂರಲು ಮಾಳಿಗೆಯ ಮೂಲೆಗೊಂದು ತಗಡಿನ ಸೂರು ಬೇಕಾಯಿತು. ಅವತ್ತೇ ನಕ್ಷೆ ನಾನೇ ಮಾಡಿ ಅಕ್ಕನ ಮೇಜಿಗೆ ಒಯ್ದೆ. ಉತ್ತರ ಎಲ್ಲಿಂದ ತಂದೆ ಎಂಬ ಪ್ರಶ್ನೆಗೆ ಕಾದು ನಿಂತೆ. ಅಕ್ಕ ಹಾಳೆಯತ್ತ ಕಣ್ಣೂ ಹಾಯಿಸದೆ, ಸಮೋಸ ಅಗಿಯುತ್ತಲೇ ಸಹಿ ಹಾಕಿಬಿಟ್ಟರು.

ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಬದಲಾಪುರದ ಲೋಕಲ್ ಹಿಡಿದೆ, ಕೋಲು ನೆಟ್ಟು ಉತ್ತರವನ್ನು ಮತ್ತೊಮ್ಮೆ ನೋಡಿಕೊಳ್ಳಲು.