ಎಡಗಡೆಯ ಹೂ

ಶೈಲಜಮ್ಮನವರ ದೇವರ ಮನೆಯಲ್ಲಿ ಗಂಧದ ಬಟ್ಟಲಿನ ಪಕ್ಕದಲ್ಲೇ ಭವಿಷ್ಯ ನೋಡುವ ಒಂದು ಕಟ್ಟು ಟ್ಯಾರೋ ಕಾರ್ಡು ಇತ್ತು ಎಂದರೆ ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ಈಗಿನವರು ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ನಾನು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವಳು, ಕಣ್ಣಾರೆ ನೋಡಿದವಳು.

ಅವರು ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ ಆಗಿದ್ದವರು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಲೆಕ್ಕ ತಾಳೆ ಆಗ್ಲಿಲ್ಲ" ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದರು. ರಸ್ತೆಯ ಅರ್ಧ ಮಕ್ಕಳು ಅವರಿಂದ ಕಿವಿ ಹಿಂಡಿಸಿಕೊಂಡೇ ಎಸ್ಸೆಸ್ಸೆಲ್ಸಿ ದಾಟಿದ್ದು. 2001ರಲ್ಲಿ ನಿವೃತ್ತರಾದಾಗ ಹಳೆಯ ವಿದ್ಯಾರ್ಥಿನಿ ಆರಾಧನಾ ಆ ಕಾರ್ಡುಗಳನ್ನು ಉಡುಗೊರೆಯಾಗಿ ತಂದುಕೊಟ್ಟಳು. "ದಿನಾ ಬೆಳಿಗ್ಗೆ ಮನಸ್ಸಲ್ಲಿ ಒಂದು ಪ್ರಶ್ನೆ ಇಟ್ಕೊಂಡು ಒಂದೇ ಒಂದು ಕಾರ್ಡ್ ತೆಗೀರಿ ಮಿಸ್. ಅಷ್ಟೇ" ಎಂದಳು. ಹಿಡಿದ ಪಾಠವನ್ನು ಅರ್ಧಕ್ಕೆ ಬಿಡುವ ಪೈಕಿಯಲ್ಲ ಶೈಲಜಮ್ಮ.

ಅಭ್ಯಾಸ ಶುರುವಾಯಿತು. ಸ್ನಾನ, ದೀಪ, ತುಳಸಿಗೆ ನೀರು, ಆಮೇಲೆ ಕಾರ್ಡು. ಸ್ನಾನವಿಲ್ಲದೆ ಮುಟ್ಟುವ ಹಾಗಿಲ್ಲ. ನಾನೊಮ್ಮೆ ಟೆಲಿಫೋನ್ ಆಫೀಸಿನಿಂದ ಬಂದ ಕೈಯಲ್ಲೇ ಮುಟ್ಟಿದ್ದಕ್ಕೆ ಇಡೀ ಕಟ್ಟನ್ನು ಬಿಸಿಲಿಗಿಟ್ಟರು. ಫಾರಿನ್ ಕಾರ್ಡಿಗೆ ಮಡಿ! ನಾನು ನಕ್ಕರೆ, "ಸುಮ್ನಿರೇ ಕೋಕಿಲಾ. ನಮ್ಮೂರ ಆಂಜನೇಯನ ಹತ್ರ ಪ್ರಸಾದ ಕೇಳಲ್ವಾ? ಬಲಗಡೆ ಹೂ ಬಿದ್ರೆ ಆಗತ್ತೆ, ಎಡಗಡೆ ಬಿದ್ರೆ ಆಗಲ್ಲ. ಇದೂ ಅದೇ" ಎನ್ನುತ್ತಿದ್ದರು.

ತೆಗೆದ ಕಾರ್ಡನ್ನು ಮಂಟಪಕ್ಕೆ ಒರಗಿಸಿ, ಪುಸ್ತಕದಲ್ಲಿ ಅರ್ಥ ನೋಡಿ, ಕಾಫಿ ಕುಡಿಯುವಾಗ ನನಗೆ ಹೇಳುತ್ತಿದ್ದರು. ಒಂದು ದಿನ ಸೂರ್ಯ, ಇನ್ನೊಂದು ದಿನ ರಾಣಿ. ಆದರೆ ಕಟ್ಟಿನಲ್ಲಿ ಕುದುರೆ ಏರಿದ ಅಸ್ಥಿಪಂಜರ, ಸಿಡಿಲು ಬಡಿದ ಗೋಪುರ, ಬೆನ್ನಿಗೆ ಕತ್ತಿ ನಾಟಿಸಿಕೊಂಡು ಬೋರಲು ಬಿದ್ದವನು, ಇಂಥವೂ ಇದ್ದವು. ದೇವರ ಮುಂದೆ ಇಂಥ ಚಿತ್ರ ಇಡುವುದುಂಟೇ? ಹಾಗೆಂದು ಕಸಕ್ಕೆ ಹಾಕುವ ಹಾಗೂ ಇಲ್ಲ, ಅದರೊಳಗೆ ಯಾವ ದೇವತೆ ಇದೆಯೋ ಏನೋ. ಕೊನೆಗೆ, ಗಾಜು ಒಡೆದ ದೇವರ ಪಟಗಳನ್ನು ಬಿಡುವ ಹಾಗೆ, ಅಪಶಕುನದ ಕಾರ್ಡುಗಳನ್ನೆಲ್ಲ ಆರಿಸಿ, ಅರಿಶಿನ ಕುಂಕುಮ ಹಚ್ಚಿ, ಅಶ್ವತ್ಥಕಟ್ಟೆಯ ಮೇಲಿಟ್ಟು ಕೈಮುಗಿದು ಬಂದರು. ಜೊತೆಗೆ ಹೋದವಳು ನಾನೇ.

ಅಲ್ಲಿಂದ ಮುಂದೆ ಅವರಿಗೆ ಕೆಟ್ಟ ದಿನವೇ ಬರಲಿಲ್ಲ. ಎದುರು ಮನೆಯ ಕಾವೇರಮ್ಮ ಬಂದು ಮಗಳಿಗೆ ಸಂಬಂಧ ಕುದುರುತ್ತದೆಯೇ ಎಂದು ಕೇಳಿದರು; ಕುದುರಿತು. ಸರಿ, ನಮ್ಮ ಮೇಡಂ ಅವರ ಕೀರ್ತಿ ತರಗುಪೇಟೆಯ ತನಕ ಹಬ್ಬಿತು.

ಮರುವರ್ಷ ಶ್ರಾವಣದ ಹೊತ್ತಿಗೆ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಬಂದ ಕಾರ್ಡಿನ ಅರ್ಥ ಹೇಳುವುದನ್ನು ಶೈಲಜಮ್ಮ ನಿಲ್ಲಿಸಿದ್ದರು. ನೀರಿನ ಬಿಂದಿಗೆಯನ್ನು ಬಲಗೈಯಲ್ಲಿ ಎತ್ತುತ್ತಿದ್ದವರು ಎಡಗೈಗೆ ಬದಲಾಯಿಸಿದ್ದರು. ಒಂದು ಬೆಳಿಗ್ಗೆ ಕೇಳಿಯೇ ಬಿಟ್ಟೆ: "ಈಗ ಏನು ಪ್ರಶ್ನೆ ಇಡ್ತಿದೀರಾ?"

ಸೆರಗು ಸರಿಮಾಡಿಕೊಂಡು, ಗೋಡೆ ನೋಡುತ್ತ ಹೇಳಿದರು: "ಎದೇಲಿ ಒಂದು ಗಂಟಿದೆ ಕಣೇ. ಯುಗಾದಿಯಿಂದ. ಕೆಟ್ಟದ್ದಾ ಅಂತ ದಿನಾ ಕೇಳ್ತಿದೀನಿ. ದಿನಾ ಒಳ್ಳೇದೇ ಬರ್ತಿದೆ."

ನನಗೆ ಮೈಯೆಲ್ಲ ಉರಿದುಹೋಯಿತು. "ಡಾಕ್ಟರಿಗೆ ತೋರಿಸೋದು ಬಿಟ್ಟು ಕಾರ್ಡಿಗೆ ತೋರಿಸ್ತಾ ಕೂತಿದೀರಲ್ರೀ! ಊರ ಮಕ್ಕಳ ಕಿವಿ ಹಿಂಡಿದ್ರಿ, ನಿಮ್ಮ ಕಿವಿ ಯಾರು ಹಿಂಡ್ಬೇಕು?" ಎಂದು ಕೂಗಾಡಿದೆ. ಹೆದರಿದಾಗ ನನ್ನ ಬಾಯಲ್ಲಿ ಬರುವುದು ಸಿಟ್ಟೇ.

ಅವರು ತಿರುಗಿ ಬೈಯಲಿಲ್ಲ. "ಗಂಡಸು ಡಾಕ್ಟರ್ ಇದ್ರೆ ಅಂತ..." ಎಂದು ಶುರುಮಾಡಿ ನಿಲ್ಲಿಸಿದರು. "ಅದೂ ಅಲ್ಲ. ಭಯ ಕಣೇ. ಇವತ್ತೊಂದು ಸಲ ನೋಡ್ಬಿಡ್ತೀನಿ. ಕೆಟ್ಟದ್ದು ಬಂದ್ರೆ ಈಗ್ಲೇ ಹೊರಡೋಣ."

ದೇವರ ಮನೆಗೆ ಹೋಗಿ ಕಟ್ಟನ್ನು ಕಲೆಸಿದರು. ಒಂದು ಕಾರ್ಡಿನ ಮೇಲೆ ಬೆರಳಿಟ್ಟವರು ಹಾಗೇ ನಿಂತುಬಿಟ್ಟರು. ಬೋರ್ಡಿನ ಮೇಲೆ ತಾವೇ ಬರೆದ ಮೊದಲ ಸಾಲಿನಲ್ಲೇ ತಪ್ಪು ಕಂಡ ಮೇಷ್ಟ್ರ ಮುಖ ಅದು.

"ಕೋಕಿಲಾ, ಇದ್ರಲ್ಲಿ ಕೆಟ್ಟದ್ದು ಎಲ್ಲಿಂದ ಬರ್ಬೇಕೇ? ನಾನೇ ಎಲ್ಲಾ ಕಟ್ಟೆ ಮೇಲೆ ಬಿಟ್ಟು ಬಂದಿದೀನಲ್ಲ." ಕಾರ್ಡಿನ ಮೇಲಿಂದ ಬೆರಳು ತೆಗೆದು, "ಎಡಗಡೆ ಹೂವೇ ಇಡದೆ ಪ್ರಸಾದ ಕೇಳಿದೀನಿ ಇಷ್ಟು ದಿನ" ಎಂದರು.

ಆ ಕಾರ್ಡನ್ನು ತಿರುಗಿಸಿ ನೋಡಲೇ ಇಲ್ಲ. ಸೀರೆ ಬದಲಾಯಿಸಿ ಬಂದರು. ನಾನು ಆಫೀಸಿಗೆ ರಜೆ ಹೇಳಿದೆ. ಆಸ್ಪತ್ರೆಗೆ ಹೊರಟ ಆಟೋ ಮಾವಳ್ಳಿ ದಾಟುವವರೆಗೂ ಅವರು ನನ್ನ ಕೈ ಬಿಡಲಿಲ್ಲ.

ಗಂಟು ಕೆಟ್ಟದ್ದೇ ಆಗಿತ್ತು. ಆಪರೇಷನ್ನಿನಲ್ಲಿ ಒಂದು ಮೊಲೆ ಹೋಯಿತು, ಆಮೇಲೆ ಔಷಧಿಗೆ ಕೂದಲೂ ಹೋಯಿತು. ತಡವಾಗಿದೆ, ಆದರೆ ತೀರ ತಡವಲ್ಲ ಎಂದರು ಡಾಕ್ಟರಮ್ಮ. ಆ ಮಾತು ಕೇಳಿ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಕೂದಲು ಮತ್ತೆ ಚಿಗುರುವಾಗ ಶೈಲಜಮ್ಮ ಆರಾಧನಾಗೆ ಫೋನು ಮಾಡಿ ಹೊಸ ಕಟ್ಟು ತರಿಸಿಕೊಂಡರು. ಈ ಸಲ ಅದರಿಂದ ಒಂದು ಕಾರ್ಡನ್ನೂ ಆರಿಸಿ ಕಟ್ಟೆಗೆ ಹಾಕಲಿಲ್ಲ. ಮಡಿ, ದೀಪ, ತುಳಸಿ ಎಲ್ಲ ಮೊದಲಿನಂತೆಯೇ. ಗಂಟು ಮತ್ತೆ ಬಂದಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿಸಬೇಕಾಗಿದ್ದ ದಿನ ನಾನು ಬೆಳಿಗ್ಗೆ ಕೆಳಗಿಳಿದರೆ, ಮಂಟಪಕ್ಕೆ ಒರಗಿ ಕುದುರೆಯ ಮೇಲಿನ ಅಸ್ಥಿಪಂಜರ ನನ್ನನ್ನೇ ನೋಡುತ್ತಿತ್ತು.

ಶೈಲಜಮ್ಮ ಅದರ ಮುಂದೆಯೂ ಒಂದು ಮಲ್ಲಿಗೆ ಇಟ್ಟು, ನನ್ನ ಕೈಗೆ ಕಾಫಿ ಲೋಟ ಕೊಟ್ಟರು.

"ನೋಡಿದ್ಯಾ, ಈಗ ಎಡಗಡೇದೂ ಬೀಳತ್ತೆ" ಎಂದರು. "ಬೇಗ ಕುಡಿ. ಡಾಕ್ಟರಮ್ಮ ಹತ್ತು ಗಂಟೆಗೆ ಬನ್ನಿ ಅಂದಿದಾರೆ."