ಕ್ಯಾನಿಗೆ ತುಂಬಿಸಿದ ನೀರು

ಅಮ್ಮನ ಸ್ತನ ಕ್ಯಾನ್ಸರ್ ವಾಸಿಯಾಗಿ ಆರು ವರ್ಷವಾಗಿತ್ತು. ಸ್ಕ್ಯಾನಿನಲ್ಲಿ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯಲ್ಲೊಂದು ಗಡ್ಡೆ ಕಂಡಿತು. ಹಳೆಯ ಕ್ಯಾನ್ಸರೇ ಹಬ್ಬಿದೆಯೋ ಎಂದು ಸೂಜಿ ಚುಚ್ಚಿ ನೋಡಬೇಕಿತ್ತು. ಆದರೆ ಅದು ಹಾರ್ಮೋನು ಸುರಿಸುವ ಗಡ್ಡೆಯಾಗಿದ್ದರೆ, ಚುಚ್ಚಿದೊಡನೆ ಬಿಪಿ ಏರಿ ಜೀವಕ್ಕೇ ಅಪಾಯ. ಅದಕ್ಕೇ ಡಾಕ್ಟರು ಮೊದಲು ಆ ಹಾರ್ಮೋನು ಎಷ್ಟಿದೆ ಎಂದು ನೋಡಲು ಒಂದಿಡೀ ದಿನದ ಮೂತ್ರ ಹಿಡಿದು ಲ್ಯಾಬಿಗೆ ಕೊಡಲು ಹೇಳಿದರು. "ಒಂದು ತೊಟ್ಟೂ ಬಿಡ್ಬಾರ್ದು."

ಅಮ್ಮ ನಾಚುತ್ತಲೇ ಒಂದು ತೊಟ್ಟೂ ಬಿಡದೆ ಕ್ಯಾನಿನಲ್ಲಿ ಹಿಡಿದುಕೊಟ್ಟಳು. ಮಾರೇನಹಳ್ಳಿಯಿಂದ ರಾಜಾಜಿನಗರಕ್ಕೆ ಹೊರಟ ಬಸ್ಸಿನಲ್ಲಿ ಪಕ್ಕದವನು ನನ್ನ ಕಾಲ ಬಳಿಯಿದ್ದ ಕ್ಯಾನು ನೋಡಿ, "ಏನ್ ಸಾರ್, ಜೇನುತುಪ್ಪಾನಾ?" ಎಂದ. ನಾನು ಅವಮಾನದಿಂದ ಕ್ಯಾನನ್ನು ಕಾಲಿನಿಂದ ಸೀಟಿನಡಿ ತಳ್ಳಿದೆ. ಮುಚ್ಚಳ ಸಡಿಲಾಗಿ ಅರ್ಧ ಚೆಲ್ಲಿಹೋಯಿತು. ಲ್ಯಾಬಿನ ಹೊರಗಿನ ನಲ್ಲಿಯಲ್ಲಿ ಮೊದಲಿದ್ದ ಮಟ್ಟಕ್ಕೆ ನೀರು ತುಂಬಿಸಿ ಕೊಟ್ಟುಬಂದೆ. ಇನ್ನೊಂದು ದಿನ ರಜೆ ಹಾಕುವ ಮನಸ್ಸಿರಲಿಲ್ಲ, ಅಷ್ಟೇ.

ರಿಪೋರ್ಟು ನಾರ್ಮಲ್ ಬಂತು. ಸೂಜಿ ಚುಚ್ಚುತ್ತಿದ್ದಂತೆ ಅಮ್ಮನ ಬಿಪಿ ವಿಪರೀತ ಏರಿತು. ಮೂರು ದಿನ ಐಸಿಯುನಲ್ಲಿದ್ದಳು. ನಾಲ್ಕನೆಯ ದಿನ ಡಾಕ್ಟರು ಮಂಚದ ಪಕ್ಕ ನಿಂತು ಆ ರಿಪೋರ್ಟನ್ನು ಮತ್ತೆ ಮತ್ತೆ ನೋಡಿದರು. "ಹೀಗಾಗ್ಬಾರ್ದಿತ್ತಲ್ಲ."

ಅಮ್ಮ ಮಲಗಿದಲ್ಲೇ ಕೈಮುಗಿದಳು. "ನಾನೇ ಎಲ್ಲೋ ಸರಿಯಾಗಿ ಹಿಡೀಲಿಲ್ಲ ಅನ್ಸುತ್ತೆ, ತಪ್ಪು ತಿಳ್ಕೋಬೇಡಿ ಸಾರ್."

ಡಾಕ್ಟರು ನನ್ನತ್ತ ತಿರುಗಿದರು.

"ಇರ್ಬೋದು ಸಾರ್" ಎಂದೆ.